ಜಾಗ ಬದಲಾಯಿಸಿ ಅಂದರು ಡಾಕ್ಟರು

ನಾವು ಮನೆ ಹುಡುಕುತ್ತಿದ್ದೇವೆ. ಏಳು ತಿಂಗಳಾಯಿತು. ಸಂಘಟನೆಯ ಗೆಳೆಯರು ಸಂತೆಯಲ್ಲೋ ಬಸ್ಸಿನಲ್ಲೋ ಸಿಕ್ಕಾಗ "ಏನ್ರಿ, ಸಭೆ ಕಡೆ ಮುಖಾನೇ ಹಾಕ್ತಿಲ್ವಲ್ಲ" ಅನ್ನುತ್ತಾರೆ. ಅವರಿಗೆಲ್ಲ ಹೇಳಬೇಕಾದ ಸಮಾಚಾರ ಎರಡೇ. ಒಂದು ಅವ್ವನ ಅಲರ್ಜಿ, ಇನ್ನೊಂದು ಬಾಡಿಗೆ ಮನೆ. ಮೊದಲು ಇವೆರಡೂ ಬೇರೆ ಬೇರೆ ತಾಪತ್ರಯ ಅಂದುಕೊಂಡಿದ್ದೆವು. ತಿರುಗಿ ತಿರುಗಿ ಚಪ್ಪಲಿ ಸವೆದ ಮೇಲೆ ಎರಡೂ ಒಂದೇ ಅನ್ನಿಸತೊಡಗಿದೆ. ಹೇಗೆ ಅನ್ನುವುದನ್ನು ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇವೆ.

ನಾವು ಅಂದರೆ ನಾಲ್ಕು ಜನ. ಗಂಡ ಹೆಂಡಿರು ಇಬ್ಬರು, ಎರಡನೇ ಕ್ಲಾಸು ಓದುವ ಮಗಳು, ಮತ್ತು ಅವ್ವ. ನಮ್ಮಲ್ಲಿ ಒಬ್ಬರು ಪ್ರೈಮರಿ ಸ್ಕೂಲು ಮೇಷ್ಟ್ರು, ಒಬ್ಬರು ಬಟ್ಟೆ ಹೊಲಿಯುತ್ತೇವೆ. ಇರುವುದು ಸಿರಾ ತಾಲ್ಲೂಕು ಬುಕ್ಕಾಪಟ್ಟಣ ಹೋಬಳಿಯ ಒಂದು ಊರಿನ ಹಟ್ಟಿಯಲ್ಲಿ. ಮಳೆ ಬಂದರೆ ರಾಗಿ, ಕಡಲೇಕಾಯಿ. ಬರದಿದ್ದರೆ ಗಾರೆ ಕೆಲಸಕ್ಕೆ ಬೆಂಗಳೂರಿನ ಬಸ್ಸು. ಒಂದು ಕಡೆ ಗುಡ್ಡ, ಕುರುಚಲು ಕಾಡು. ಆ ಕಾಡಲ್ಲಿ ಚಿಂಕಾರ ಅನ್ನೋ ಜಿಂಕೆ ಇದೆ ಅಂತ ಕಂಡುಹಿಡಿದು 2019ರಲ್ಲಿ ಸರ್ಕಾರ ಅದನ್ನು ವನ್ಯಧಾಮ ಮಾಡಿತು. ನೂರಾ ಮೂವತ್ತಾರು ಚದರ ಕಿಲೋಮೀಟರು. ಆ ಜಿಂಕೆ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ, ಪಾಪ, ಬದುಕಲಿ. ನಮಗೆ ಬೇಕಾಗಿರುವುದು ಹತ್ತಡಿ ಹನ್ನೆರಡಡಿಯ ಎರಡು ಕೋಣೆ ಅಷ್ಟೆ.

ಈಗಿರುವ ಮನೆ ದೇವರಾಜ ಅರಸರ ಕಾಲದಲ್ಲಿ ಸಿಕ್ಕ ಜನತಾ ಮನೆ. ಅವ್ವ ಮದುವೆಯಾಗಿ ಬಂದಾಗ ಹೊಸದಾಗಿತ್ತಂತೆ. ಹಟ್ಟಿಗೆ ಜಾಗ ಕೊಡುವಾಗ ಊರಿನವರಿಗೆ ಬೇಡವಾದ ಜಾಗ ಕೊಡುವುದು ವಾಡಿಕೆಯಲ್ಲವೇ, ನಮಗೂ ಹಂಗೇ ಆಯಿತು. ಊರ ಚರಂಡಿ ಬಂದು ನಿಲ್ಲುವುದು ನಮ್ಮ ಮನೆ ಬೆನ್ನಿಗೆ. ಊರ ಕಸ ಬೀಳುವುದೂ ಅಲ್ಲೇ. ಅದರ ಮೇಲೆ ಮುಂಗಾರು ಬಿದ್ದರೆ ಸಾಕು, ಎದೆಮಟ್ಟ ಹಸುರು. ದೂರದಿಂದ ನೋಡಿದವರು ಬೆಳೆ ಅಂದುಕೊಳ್ಳಬೇಕು. ಬೆಳೆ ಅಲ್ಲ. ಕಾಂಗ್ರೆಸ್ ಗಿಡ. ಪುಸ್ತಕದ ಹೆಸರು ಪಾರ್ಥೇನಿಯಂ.

ನಾಲ್ಕು ವರ್ಷದ ಹಿಂದೆ ಒಂದು ಮಳೆಗಾಲದಲ್ಲಿ ಅವ್ವನ ಕಣ್ಣಿನ ರೆಪ್ಪೆ ಊದಿಕೊಂಡವು. ಏನೋ ಹುಳ ಕಚ್ಚಿರಬೇಕು ಅಂದುಕೊಂಡೆವು. ಆಮೇಲೆ ಕತ್ತು, ಮೊಣಕೈ ಮಡಿಕೆ, ಮೊಣಕಾಲ ಹಿಂದೆ. ಕೆಂಪಗಾಗಿ, ನೀರಾಡಿ, ಒಣಗಿ, ಮತ್ತೆ ಕೆಂಪಗಾಗಿ, ಕೊನೆಗೆ ಮುಖದ ಚರ್ಮ ಹುಣಸೆಮರದ ತೊಗಟೆ ಹಂಗೆ ದಪ್ಪಗೆ ಕಪ್ಪಗೆ ಆಯಿತು. ರಾತ್ರಿ ಎಲ್ಲ ಕೆರೆತ. ಉಗುರು ಸಾಲದೆ ಬಾಚಣಿಗೆ ತಗೊಂಡು ಕೆರೆದುಕೊಳ್ಳುತ್ತಿದ್ದಳು. ನಲವತ್ತು ವರ್ಷ ಬೇರೆಯವರ ಹೊಲದಲ್ಲಿ ಕೂಲಿಗೆ ಕಳೆ ಕಿತ್ತ ಹೆಂಗಸು ಅವಳು. ಒಂದು ರಾತ್ರಿ ಹೇಳಿದಳು: "ಇಷ್ಟು ವರ್ಸ ನಾನು ಕಳೆ ಕಿತ್ತೆ ಕಣ್ರಪ್ಪ. ಈಗ ಅದು ನನ್ನ ಕೀಳ್ತಾ ಐತೆ."

ನಾವು ಮಾಡಿದ ತಪ್ಪುಗಳನ್ನೂ ಹೇಳಬೇಕು. ಇದನ್ನು ಓದುವವರ ಮನೆಯಲ್ಲೂ ಇಂಥ ಒಬ್ಬರು ಇರಬಹುದು. ಮೊದಲು ಮಾರಮ್ಮನಿಗೆ ಹರಕೆ. ವಿಚಾರವಾದದ ಬಗ್ಗೆ ಗಂಟೆಗಟ್ಟಲೆ ಭಾಷಣ ಮಾಡಿದ ನಾವೇ ಅವ್ವನ ಸಂಕಟ ನೋಡಲಾರದೆ ಕೋಳಿ ಹಿಡಿದುಕೊಂಡು ಹೋಗಿ ನಿಂತೆವು. ಆಮೇಲೆ ಬೇವಿನ ಸೊಪ್ಪಿನ ನೀರು, ಅರಿಶಿನ. ಆಮೇಲೆ ಸೂಜಿ ಡಾಕ್ಟರು. ಎಲ್ಲಾ ಹೋಬಳಿಯಲ್ಲೂ ಒಬ್ಬರು ಇರುತ್ತಾರಲ್ಲ, ಏನು ಕಾಯಿಲೆ ಅಂತ ಹೇಳುವ ಮೊದಲೇ ಸೂಜಿ ರೆಡಿ ಮಾಡುವವರು. ಸೂಜಿ ಹಾಕಿದರೆ ಮೂರೇ ದಿನದಲ್ಲಿ ಅವ್ವನ ಮುಖ ತಿಳಿಯಾಗುತ್ತಿತ್ತು. ಅವರೇ ದೇವರು ಅಂದುಕೊಂಡೆವು. ಹದಿನೈದು ದಿನಕ್ಕೆ ಮೊದಲಿಗಿಂತ ಜೋರಾಗಿ ತಿರುಗಿ ಬರುತ್ತಿತ್ತು. ಅದು ಸ್ಟೀರಾಯ್ಡು ಅನ್ನುವುದು ನಮಗೆ ಆಮೇಲೆ ತಿಳಿಯಿತು. ಅದು ಕೆಟ್ಟ ಔಷಧಿ ಅಂತ ಅಲ್ಲ, ತಿಳಿದವರ ಕೈಯಲ್ಲಿ ಅಳತೆಯಲ್ಲಿ ಇದ್ದರೆ ಜೀವ ಉಳಿಸುತ್ತದೆ. ಲೆಕ್ಕವಿಲ್ಲದೆ ತಗೊಂಡರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ಸಣ್ಣ ಗಾಯವೂ ಮಾಯುವುದಿಲ್ಲ. ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಕೊಡುವ ಬೆಳ್ಳಗಾಗುವ ಟ್ಯೂಬುಗಳಲ್ಲೂ ಎಷ್ಟೋ ಸಲ ಅದೇ ಇರುತ್ತದೆ, ಚರ್ಮವನ್ನು ಈರುಳ್ಳಿ ಸಿಪ್ಪೆ ಹಂಗೆ ತೆಳ್ಳಗೆ ಮಾಡುತ್ತದೆ. ಮೇಷ್ಟ್ರಾಗಿ ನಾವು ಇದನ್ನು ಓದಿ ತಿಳಿದುಕೊಳ್ಳಬಹುದಾಗಿತ್ತು. ಓದಲಿಲ್ಲ.

ಕೊನೆಗೆ ಬೆಂಗಳೂರಿನ ಒಂದು ಸರ್ಕಾರಿ ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋದೆವು. ಅಲ್ಲೊಬ್ಬರು ವಯಸ್ಸಿನ್ನೂ ಚಿಕ್ಕದಾದ ಡಾಕ್ಟರಮ್ಮ ಅವ್ವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕಿನ ಕಡೆ ತಿರುಗಿಸಿ, ಕಿವಿ ಹಿಂದೆ ಎಲ್ಲಾ ಮುಟ್ಟಿ ಮುಟ್ಟಿ ನೋಡಿದರು. ಗ್ಲೌಸು ಹಾಕಿರಲಿಲ್ಲ. ಅವ್ವ ಆವತ್ತು ಬಸ್ಸಲ್ಲಿ ಬರುವಾಗ ಬೇರೆ ಏನೂ ಮಾತಾಡಲಿಲ್ಲ. "ಆ ವಮ್ಮ ನನ್ನ ಮುಟ್ಟುತು" ಅಂತ ಎರಡು ಸಲ ಅಂದಳು.

ಸೂಜಿಯ ಅಂಶ ಮೈಯಿಂದ ಇಳಿಯುವವರೆಗೆ ಕಾಯಿಸಿ, ಆಮೇಲೆ ಬೆನ್ನಿಗೆ ಪಟ್ಟಿ ಪರೀಕ್ಷೆ ಮಾಡಿದರು. ಬೇರೆ ಬೇರೆ ವಸ್ತುವಿನ ಚೂರುಚೂರನ್ನು ಸಾಲಾಗಿ ಬೆನ್ನಿಗೆ ಅಂಟಿಸುತ್ತಾರೆ. ಎರಡು ದಿನ ಬೆನ್ನಿಗೆ ನೀರು ಸೋಕಬಾರದು, ಬೆವರಬಾರದು. ನಲವತ್ತೆಂಟು ಗಂಟೆಗೆ ತೆಗೆದು ನೋಡುತ್ತಾರೆ, ಮತ್ತೆ ಎರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಯಾವುದು ಮೈಗೆ ಆಗುವುದಿಲ್ಲವೋ ಆ ಜಾಗ ಮಾತ್ರ ಕೆಂಪಗೆ ಎದ್ದಿರುತ್ತದೆ. ಅವ್ವನ ಬೆನ್ನಲ್ಲಿ ಪಾರ್ಥೇನಿಯಂ ಇಟ್ಟ ಜಾಗ ಗುಳ್ಳೆ ಎದ್ದು ಉರಿಯುತ್ತಿತ್ತು.

ಡಾಕ್ಟರಮ್ಮ ನಮಗೆ ಬಿಡಿಸಿ ಹೇಳಿದರು. ಆ ಗಿಡದಲ್ಲಿ ಪಾರ್ಥೇನಿನ್ ಅನ್ನೋ ಒಂದು ವಸ್ತು ಇದೆ. ಅದು ವಿಷ ಏರಿದ ಹಾಗೆ ಅಲ್ಲ. ಮೈಯೊಳಗಿನ ಕಾವಲುಗಾರರು ಅದನ್ನು ಒಂದು ಸಲ ಶತ್ರು ಅಂತ ತಿಳಿದುಬಿಟ್ಟರೆ ಆಯಿತು, ಮತ್ತೆ ಮರೆಯುವುದಿಲ್ಲ. ಆಮೇಲೆ ಚೂರು ಸೋಕಿದರೂ ಯುದ್ಧವೇ, ಉರಿಯುವುದು ಮಾತ್ರ ನಮ್ಮ ಚರ್ಮ. ಗಿಡವನ್ನು ಮುಟ್ಟಬೇಕು ಅಂತಲೂ ಇಲ್ಲ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಬಂದು ಮುಖದ ಮೇಲೆ ಕೂತರೂ ಸಾಕು. ಅದರ ವಂಶದ ಸೇವಂತಿಗೆ, ಚೆಂಡುಹೂ, ಸೂರ್ಯಕಾಂತಿಯೂ ಕೆಲವರಿಗೆ ಆಗುವುದಿಲ್ಲ. ಸೇವಂತಿಗೆ ಮುಡಿಯಬೇಡಿ ಅಂದಾಗ ಅವ್ವ, ಗಂಡ ಸತ್ತಾಗಲೇ ಊರೋರು ಬೇಡ ಅಂದ್ರು, ಈಗ ನೀವೂ ಅಂದ್ರಿ ಅಂತ ನಕ್ಕಳು.

ಔಷಧಿ ಕೊಟ್ಟರು. ಅಜಥಯೋಪ್ರಿನ್ ಅನ್ನೋ ಮಾತ್ರೆ. ಕಾವಲುಗಾರರ ಸಿಟ್ಟನ್ನು ತಗ್ಗಿಸುವಂಥದ್ದು. ಇದು ಸೂಜಿಯ ಹಂಗೆ ಮೂರು ದಿನಕ್ಕೆ ಪವಾಡ ಮಾಡುವುದಿಲ್ಲ, ಒಂದೂವರೆ ಎರಡು ತಿಂಗಳು ಬೇಕು ಗುಣ ಕಾಣಲು. ರಕ್ತದ ಕಣ, ಲಿವರು ಸರಿ ಇದೆಯಾ ಅಂತ ಆಗಾಗ ಪರೀಕ್ಷೆ ಮಾಡಿಸಲೇಬೇಕು. ಹೊರಗೆ ಹೋದರೆ ತುಂಬು ತೋಳಿನ ಅಂಗಿ, ಬಂದ ಕೂಡಲೆ ಸ್ನಾನ, ಬಟ್ಟೆ ಗಿಡದ ಮೇಲೆ ಒಣಹಾಕಬಾರದು. ನಮ್ಮ ಹಟ್ಟಿಯಲ್ಲಿ ಎಲ್ಲರ ಸೀರೆಯೂ ಒಣಗುವುದು ಆ ಗಿಡಗಳ ಮೇಲೇ. ಇಷ್ಟೆಲ್ಲ ಹೇಳಿ, ಚೀಟಿಯ ಕೊನೆಗೆ ಒಂದು ಸಾಲು ಬರೆದು, ಬಾಯಲ್ಲೂ ಹೇಳಿದರು: "ಇದಕ್ಕೆ ದೊಡ್ಡ ಔಷಧಿ ಅಂದ್ರೆ ಆ ಗಿಡದಿಂದ ದೂರ ಇರೋದು. ಸಾಧ್ಯವಾದ್ರೆ ಜಾಗ ಬದಲಾಯಿಸಿ."

ನಾವು ತಲೆ ಅಲ್ಲಾಡಿಸಿದೆವು. ಆ ತಾಯಿಗೆ ತಾನು ಎಂಥ ಔಷಧಿ ಬರೆದುಕೊಟ್ಟೆ ಅನ್ನುವುದು ಗೊತ್ತಿರಲಿಕ್ಕಿಲ್ಲ. ಬಾಕಿ ಎಲ್ಲ ಮಾತ್ರೆಯೂ ಅಂಗಡಿಯಲ್ಲಿ ಸಿಕ್ಕವು. ಇದೊಂದು ಸಿಕ್ಕಲಿಲ್ಲ.

ಬುಕ್ಕಾಪಟ್ಟಣದಲ್ಲಿ ಮೊದಲು ನೋಡಿದ್ದು ಸೀಟಿನ ಮನೆ, ಎರಡು ಕೋಣೆ, ಸುತ್ತ ಸಿಮೆಂಟು. ಒಂದು ಹುಲ್ಲುಕಡ್ಡಿ ಇಲ್ಲ. ಫೋನಲ್ಲಿ ಮಾತಾಡಿದಾಗ ಮೇಷ್ಟ್ರು ಅಂದ ಕೂಡಲೆ ಮಾಲೀಕರಿಗೆ ಬಹಳ ಸಂತೋಷವಾಗಿತ್ತು. ಅವ್ವನನ್ನೂ ಕರೆದುಕೊಂಡು ಹೋದೆವು, ಗಾಳಿ ಹೇಗಿದೆ ಅವಳೇ ನೋಡಲಿ ಅಂತ. ಅವರು ಅವ್ವನ ಮುಖ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. "ಏನಿದು, ದೊಡ್ಡ ರೋಗ ಅಲ್ಲ ತಾನೆ?" ನಾವು ಚೀಟಿ ತೋರಿಸಿದೆವು. ಅಂಟುವುದಿಲ್ಲ, ಗಿಡದ ಅಲರ್ಜಿ ಅಂತ ಪಾಠ ಮಾಡಿದೆವು. ಒಪ್ಪಿದರು. ಕಾಫಿಗೆ ಹೇಳಿದರು. ಆಮೇಲೆ ಕೇಳಿದರು: "ನಿಮ್ಮ ಕಡೆ ಯಾವ ಜನ?"

ಹೇಳಿದೆವು. ಕಾಫಿ ಬಂತು. ಅವರಿಗೆ ಸ್ಟೀಲಿನ ಲೋಟದಲ್ಲಿ, ನಮಗೆ ಪೇಪರ್ ಲೋಟದಲ್ಲಿ. ಊರ ಹೋಟೆಲಿನ ಸೂರಿನಲ್ಲಿ ನಮ್ಮ ತಾತನಿಗಾಗಿ ಸಿಕ್ಕಿಸಿಟ್ಟಿದ್ದ ತೆಂಗಿನ ಚಿಪ್ಪನ್ನು ನಾವು ನೋಡಿಲ್ಲ, ಕೇಳಿದ್ದೇವೆ. ಆ ಚಿಪ್ಪು ಎಲ್ಲಿ ಹೋಯಿತು ಅಂದರೆ ಇಲ್ಲಿಗೆ ಬಂದಿದೆ. ಕುಡಿದ ಮೇಲೆ ತೊಳೆಯುವ ಕೆಲಸವೂ ಇಲ್ಲ. ಮಾರನೆ ದಿನ ಫೋನು ಬಂತು: "ಮಗಳು ಅಳಿಯ ಬಂದು ಇರ್ತಾರಂತೆ ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳಲಿಲ್ಲ. ಆಮೇಲೆ ನೋಡಿದ ಮನೆಗಳಲ್ಲಿ ಬಂದ ಉತ್ತರಗಳನ್ನು ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆವು. "ರಿಪೇರಿ ಮಾಡಿಸ್ತಾ ಇದೀವಿ." "ಪಕ್ಕದಲ್ಲೇ ನಮ್ಮ ದೇವರ ಕೋಣೆ ಇದೆ." "ನಾನ್‌ವೆಜ್ ಮಾಡೋ ಹಂಗಿಲ್ಲ." ಇದನ್ನು ಹೇಳಿದವರ ಮನೆಯ ಹಿತ್ತಿಲಲ್ಲಿ ಕೋಳಿ ಪುಕ್ಕ ಬಿದ್ದಿತ್ತು. "ನಮಗೇನಿಲ್ಲಪ್ಪ, ನಾವು ಅದನ್ನೆಲ್ಲ ನಂಬಲ್ಲ, ಅಕ್ಕಪಕ್ಕದೋರು ಒಪ್ಪಲ್ಲ." ಅತಿ ಹೆಚ್ಚು ಸಲ ಬಂದ ಉತ್ತರ ಇದೇ. ಅಕ್ಕಪಕ್ಕದವರನ್ನು ಕೇಳಿದರೆ ಅವರಿಗೂ ಏನಿಲ್ಲ, ಅವರ ಅಕ್ಕಪಕ್ಕದವರು ಒಪ್ಪುವುದಿಲ್ಲ. ಬೀದಿ ಮುಗಿಯುವವರೆಗೆ ಒಪ್ಪದವನು ಒಬ್ಬನೂ ಸಿಕ್ಕಲಿಲ್ಲ, ಮನೆಯೂ ಸಿಕ್ಕಲಿಲ್ಲ. ಯಾರೂ ಬೈಯಲಿಲ್ಲ. ಹಿಂದೆ ಬೈದು ಕಳಿಸುತ್ತಿದ್ದರು, ಈಗ ನಕ್ಕು ಕಳಿಸುತ್ತಾರೆ. ಡಾಕ್ಟರಮ್ಮನ ಪಟ್ಟಿ ಪರೀಕ್ಷೆಗೆ ನಾಲ್ಕು ದಿನ ಬೇಕಿತ್ತು. ಮನೆ ಮಾಲೀಕರ ಪರೀಕ್ಷೆಗೆ ಒಂದು ಪ್ರಶ್ನೆ ಸಾಕು.

ಇನ್ನು ನಮ್ಮ ನಾಚಿಕೆಯ ವಿಷಯ. ಮಳೆಗಾಲ ಹತ್ತಿರ ಬರುತ್ತಿತ್ತು, ಹಿತ್ತಿಲ ಗಿಡ ಮತ್ತೆ ಮೊಳೆಯುವ ಹೊತ್ತು. ಹೆದರಿ, ಸಿರಾದಲ್ಲಿ ಒಂದು ಮನೆ ಕೇಳುವಾಗ ಸುಳ್ಳು ಹೇಳಿದೆವು. ಸುಳ್ಳು ಅಂದರೆ ಬಾಯಿಬಿಟ್ಟು ಹೇಳಿದ್ದಲ್ಲ. ಆ ಮನೆಯಮ್ಮ "ನೀವು ನಮ್ಮೋರೇ ಇರಬೇಕು, ನೋಡಿದ್ರೆ ಗೊತ್ತಾಗುತ್ತೆ" ಅಂದರು. ನಾವು ಸುಮ್ಮನೆ ನಕ್ಕೆವು. ಆ ನಗು ಸುಳ್ಳು. ಐದು ಸಾವಿರ ಅಡ್ವಾನ್ಸು ಕೊಟ್ಟು ಬಂದೆವು.

ಮನೆಗೆ ಬಂದು ಸಾಮಾನು ಕಟ್ಟುವುದರ ಜೊತೆಗೆ ಇನ್ನೊಂದು ಕೆಲಸ ಶುರುವಾಯಿತು. ಮಗಳಿಗೆ, ಯಾರಾದರೂ ಕೇಳಿದರೆ ಗೊತ್ತಿಲ್ಲ ಅನ್ನು ಅಂತ ಹೇಳಿಕೊಟ್ಟೆವು. ಅವ್ವನಿಗೆ "ಯೋಳು" ಅನ್ನಬೇಡ, "ಹೇಳು" ಅನ್ನು ಅಂತ ತಿದ್ದಿದೆವು. ಮಕ್ಕಳ ಭಾಷೆಯನ್ನು ಹೀಯಾಳಿಸಬಾರದು ಅಂತ ಮೇಷ್ಟ್ರುಗಳ ಸಭೆಯಲ್ಲಿ ವಾದ ಮಾಡುವವರು ನಾವು. ಅವ್ವ ಎರಡು ದಿನ ಸಹಿಸಿಕೊಂಡಳು. ಮೂರನೇ ದಿನ ಅಂದಳು: "ಅಲ್ಲಿಗೆ ಬಂದು ಬಾಯಿ ಮುಚ್ಕಂಡಿರೋದಾದ್ರೆ ನಂಗೆ ಈ ಕೆರೆತಾನೇ ವಾಸಿ ಕಣ್ರಪ್ಪ. ಕೆರೆದಾಗ ಅವ್ವಾ ಅಂತ ಬಾಯ್ತುಂಬ ಒದರಬೌದು." ಅಂದು ಸಂಜೆ ಮಗಳು ಗೋಡೆಯ ಮೇಲಿದ್ದ ಪಟ ತೋರಿಸಿ ಕೇಳಿದಳು: "ಅಲ್ಲಿ ಅಂಬೇಡ್ಕರ್ ತಾತನ್ನ ಎಲ್ಲಿ ಇಡೋದು?" ಟ್ರಂಕಿನ ಒಳಗೆ ಅಂತ ನಾವು ಆಗಲೇ ತೀರ್ಮಾನ ಮಾಡಿ ಆಗಿತ್ತು. ಅವಳಿಗೆ ಹೇಳಲು ಬಾಯಿ ಬರಲಿಲ್ಲ.

ಪಟದಲ್ಲಿದ್ದ ಆ ಮನುಷ್ಯನೂ ಬಾಡಿಗೆ ಮನೆ ಹುಡುಕಿದವನೇ. 1917ರಲ್ಲಿ ಅಮೆರಿಕ, ಲಂಡನ್ನುಗಳಲ್ಲಿ ಓದಿ ಬಂದು ಬರೋಡ ಸಂಸ್ಥಾನದ ಕೆಲಸಕ್ಕೆ ಸೇರಲು ಹೋದಾಗ ಆ ಊರಲ್ಲಿ ತಲೆ ಇಡಲು ಜಾಗ ಸಿಗಲಿಲ್ಲ. ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದುಕೊಂಡರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಪಾರ್ಸಿಗಳ ಗುಂಪು ಬಂದು ನಿಂತಿತು. ಸಂಜೆಯೊಳಗೆ ಖಾಲಿ ಮಾಡಬೇಕಾಯಿತು. ಊರಲ್ಲಿದ್ದ ಇಬ್ಬರು ಗೆಳೆಯರು, ಒಬ್ಬ ಹಿಂದೂ, ಒಬ್ಬ ಕ್ರಿಶ್ಚಿಯನ್, ಇಬ್ಬರೂ ಒಂದೊಂದು ನೆಪ ಹೇಳಿದರು. ರೈಲು ಬರುವವರೆಗೆ ಸಾರ್ವಜನಿಕ ತೋಟದಲ್ಲಿ ಕೂತಿದ್ದು ಮುಂಬಯಿಗೆ ವಾಪಸು ಹೋದರು. ಅವರೇ ಇದನ್ನು ಬರೆದಿಟ್ಟಿದ್ದಾರೆ, ಬೇರೆ ಹೆಸರಿನಲ್ಲಿ ಇದ್ದದ್ದನ್ನೂ ಮುಚ್ಚಿಡದೆ. ನೂರು ವರ್ಷ ಮೇಲಾಯಿತು. ನಾವು ಎಷ್ಟೋ ಸಲ ಇದನ್ನು ಭಾಷಣದಲ್ಲಿ ಹೇಳಿದ್ದೇವೆ. ಆದರೆ ಆ ಹನ್ನೊಂದು ದಿನದ ಒಂದೊಂದು ರಾತ್ರಿಯೂ ಹೇಗಿದ್ದಿರಬೇಕು ಅನ್ನುವುದು ಅವತ್ತೇ ಅರ್ಥವಾದದ್ದು.

ಮಾರನೆ ದಿನ ಸಿರಾಕ್ಕೆ ಹೋಗಿ ಆಯಮ್ಮನಿಗೆ ನಿಜ ಹೇಳಿದೆವು. ಅವರು ಮಾತಾಡಲಿಲ್ಲ. ಒಳಗೆ ಹೋಗಿ ಐದು ಸಾವಿರ ತಂದು ಕಾಂಪೌಂಡ್ ಗೋಡೆಯ ಮೇಲೆ ಇಟ್ಟರು. ಕೈಗೆ ಕೊಡಲಿಲ್ಲ. ಒಂದು ನೋಟು ಗಾಳಿಗೆ ಹಾರಿ ಚರಂಡಿ ಪಕ್ಕ ಬಿತ್ತು, ಎತ್ತಿಕೊಂಡು ಬಂದೆವು. ಮುಟ್ಟಬೇಕು ಅಂತಿಲ್ಲ, ಗಾಳಿ ಸೋಕಿದರೂ ಸಾಕು ಅಂದಿದ್ದರಲ್ಲ ಡಾಕ್ಟರಮ್ಮ, ಆ ಮಾತು ನೆನಪಾಯಿತು. ಅವ್ವನ ಮೈಯ ಕಾವಲುಗಾರರು ಏನೂ ಮಾಡದ ಒಂದು ಪುಡಿಯನ್ನು ಶತ್ರು ಅಂತ ತಿಳಿದಿದ್ದಾರೆ. ಆದರೆ ಅವ್ವನ ಮೈಗೆ ಅದನ್ನು ಯಾರೂ ಕಲಿಸಲಿಲ್ಲ, ತಾನಾಗಿ ಆದದ್ದು. ಇವರಿಗೆ ಕಲಿಸಿದ್ದಾರೆ. ಕಲಿತದ್ದನ್ನು ಮರೆಯಬಹುದು. ವ್ಯತ್ಯಾಸ ಅಷ್ಟೆ, ಆದರೆ ದೊಡ್ಡ ವ್ಯತ್ಯಾಸ.

ಇಷ್ಟಕ್ಕೇ ನಿಲ್ಲಿಸಿದರೆ ನಾವು ಪೂರ್ತಿ ನಿಜ ಹೇಳಿದ ಹಾಗಾಗುವುದಿಲ್ಲ. ಸಿರಾದಲ್ಲೇ ನಮ್ಮವನೇ ಒಬ್ಬ, ನಮ್ಮ ಜೊತೆ ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವನು, ಸರ್ಕಾರಿ ಕೆಲಸದಲ್ಲಿದ್ದು ಮನೆ ಕಟ್ಟಿಸಿದ್ದಾನೆ. ಮೇಲಿನ ಮನೆ ಖಾಲಿ ಇತ್ತು. ಇವನನ್ನು ಮೊದಲೇ ಕೇಳಬೇಕಿತ್ತು ಅಂದುಕೊಂಡು ಹೋದೆವು. ಅವನು ಬೀದಿಯ ಕೊನೆಗೇ ಬಂದು ನಮ್ಮನ್ನು ಹೋಟೆಲಿಗೆ ಕರೆದುಕೊಂಡು ಹೋದ. ಬಹಳ ಹೊತ್ತು ಟೀ ಲೋಟ ತಿರುಗಿಸುತ್ತಾ ಕೂತಿದ್ದು ಹೇಳಿದ: "ಸೈಟು ತಗೊಳ್ಳುವಾಗ ಜಾತಿ ಹೇಳಲಿಲ್ಲ ಕಣಪ್ಪ. ಬೀದಿಯೋರು ಏನೋ ಒಂದು ತಿಳ್ಕೊಂಡವ್ರೆ. ನಾನೂ ಹೌದೂ ಅಂದಿಲ್ಲ, ಅಲ್ಲ ಅಂತಲೂ ಅಂದಿಲ್ಲ. ಮಗಳು ಮದುವೆಗೆ ಬಂದವಳೆ. ನೀವು ಬಂದ್ರೆ, ಅವ್ವ ಜಗಲಿ ಮೇಲೆ ಕೂತು ನಾಲ್ಕು ಮಾತಾಡಿದ್ರೆ, ಎಲ್ಲಾ ಗೊತ್ತಾಗೋಯ್ತದೆ." ಹೇಳಿ ಅತ್ತ.

ಅವನನ್ನು ದ್ರೋಹಿ ಅಂತ ಬೈಯಬಹುದಿತ್ತು. ಹಿಂದಿನ ವಾರವಷ್ಟೇ ನಾವು ಟ್ರಂಕಿಗೆ ಪಟ ಹಾಕಲು ಹೊರಟವರು. ಅವನಿಗೆ ಮನೆ ಇದೆ, ಅದರೊಳಗೆ ಅವನು ಬಾಡಿಗೆದಾರ. ಅವನ ಬಾಡಿಗೆ ನಮಗಿಂತ ದುಬಾರಿ. ತಾಯಿಯನ್ನು ಹಳ್ಳಿಯಿಂದ ಕರೆಸಿಕೊಂಡು ಇಟ್ಟುಕೊಳ್ಳಲಾರ. ಟೀ ದುಡ್ಡು ಅವನೇ ಕೊಟ್ಟ. ನಾವು ಬಸ್ಸು ಹತ್ತಿದೆವು.

ಕಾನೂನು ಇಲ್ಲವೇ ಎಂದು ಕಾಲೇಜಿನ ಹುಡುಗರು ಕೇಳುತ್ತಾರೆ. ಇದೆ. 1955ರ ಕಾಯಿದೆ, 1976ರಿಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಅಂತ ಹೆಸರು. ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಪ್ರದೇಶದಲ್ಲಿ ವಾಸದ ಮನೆ ಕಟ್ಟುವುದಕ್ಕೆ, ಪಡೆಯುವುದಕ್ಕೆ, ಅದರಲ್ಲಿ ಇರುವುದಕ್ಕೆ ಅಡ್ಡಿ ಮಾಡುವುದು ಅದರ 4ನೇ ಕಲಮಿನ ಪ್ರಕಾರ ಅಪರಾಧ. ಒಂದು ತಿಂಗಳಿಂದ ಆರು ತಿಂಗಳವರೆಗೆ ಜೈಲು, ನೂರರಿಂದ ಐನೂರು ರೂಪಾಯಿ ದಂಡ. ಆದರೆ "ಮಗಳು ಅಳಿಯ ಬರ್ತಾರೆ" ಅನ್ನುವುದನ್ನು ಯಾವ ಪೊಲೀಸು ಬರೆದುಕೊಳ್ಳುತ್ತಾನೆ? ಬೈಗುಳಕ್ಕೆ ಸಾಕ್ಷಿ ಸಿಗಬಹುದು, ನಗುವಿಗೆ ಸಾಕ್ಷಿ ಎಲ್ಲಿಂದ ತರುವುದು?

ಆ ಗಿಡದ ಕಥೆಯೂ ಹೀಗೇ ಇದೆ. ಅದು ಮೆಕ್ಸಿಕೋ ಕಡೆಯದು. ಪುಣೆಯಲ್ಲಿ 1955ರ ಸುಮಾರಿಗೆ ಕಣ್ಣಿಗೆ ಬಿದ್ದು, ಅಲ್ಲಿಂದ ದೇಶವೆಲ್ಲ ಹಬ್ಬಿತು. ಅಮೆರಿಕದ ಗೋಧಿಯ ಜೊತೆ ಬಂತು ಅಂತ ಬಹಳ ಜನ ಹೇಳುತ್ತಾರೆ. ಅದಕ್ಕೂ ಹಿಂದೆಯೇ ಇತ್ತು ಅನ್ನುವ ವಿಜ್ಞಾನಿಗಳೂ ಇದ್ದಾರೆ. 1975ರಲ್ಲೇ ಕರ್ನಾಟಕ ಸರ್ಕಾರ ಅದನ್ನು ಅಪಾಯದ ಕಳೆ ಅಂತ ಕಾನೂನಿನ ಪ್ರಕಾರ ಘೋಷಿಸಿತು. 1984ರಲ್ಲಿ ಅದನ್ನು ತಿನ್ನುವ ದುಂಬಿಯನ್ನು ಮೆಕ್ಸಿಕೋದಿಂದ ತರಿಸಿ ಬೆಂಗಳೂರಿನಲ್ಲಿ ಬಿಟ್ಟರು. ದುಂಬಿ ಮಳೆಗಾಲದಲ್ಲಿ ಒಂದಿಷ್ಟು ತಿನ್ನುತ್ತದೆ, ಗಿಡವೂ ಇದೆ. ಕಾಯಿದೆ ಎರಡೂ ಪುಸ್ತಕದೊಳಗೆ, ಕಳೆ ಎರಡೂ ಪುಸ್ತಕದ ಹೊರಗೆ. ಒಮ್ಮೊಮ್ಮೆ ಹಿತ್ತಿಲಲ್ಲಿ ನಿಂತು ನೋಡುವಾಗ ಅನ್ನಿಸುತ್ತದೆ: ಸಾವಿರಾರು ಮೈಲಿಯಿಂದ ಬಂದ ಈ ಗಿಡಕ್ಕೆ ದೇವಸ್ಥಾನದ ಪೌಳಿಯಲ್ಲಿ, ಗೌಡರ ಹೊಲದಲ್ಲಿ, ಕಚೇರಿಯ ಅಂಗಳದಲ್ಲಿ, ಎಲ್ಲೆಲ್ಲೂ ಜಾಗ ಸಿಕ್ಕಿತು. ಯಾರೂ ನಿಮ್ಮ ಕಡೆ ಯಾವ ಜನ ಅಂತ ಕೇಳಲಿಲ್ಲ.

ಹಿತ್ತಿಲ ಗಿಡ ಕೀಳಿಸಿಕೊಡಿ ಅಂತ ಅರ್ಜಿ ಬರೆದೆವು. "ನಿಮ್ಮ ಕಾಲೋನಿ ತಾನೇ, ನೀವೇ ಕಿತ್ಕೊಳ್ರಿ" ಅಂದರು ಸಂಬಂಧಪಟ್ಟವರು. ಕಸ ಊರಿನದು, ಚರಂಡಿ ಊರಿನದು, ಗಿಡ ಮಾತ್ರ ನಮ್ಮದು. ಹಟ್ಟಿಯಲ್ಲಿ ವಿಚಾರಿಸಿದರೆ ಅವ್ವನ ಹಾಗೆ ಕತ್ತು ಕೆರೆದುಕೊಳ್ಳುವವರು ಇನ್ನೂ ಐದು ಜನ ಇದ್ದರು, ಎಲ್ಲರೂ ಸೂಜಿ ಡಾಕ್ಟರ ಗಿರಾಕಿಗಳೇ. ಹೀಗಾಗಿ ಇದು ನಮ್ಮ ಮನೆಯ ವಿಷಯವಾಗಿ ಉಳಿಯಲಿಲ್ಲ. ಎಲ್ಲರ ಹೆಬ್ಬೆಟ್ಟು, ಸಹಿ ಹಾಕಿಸಿ ಇನ್ನೊಂದು ಅರ್ಜಿ ಕೊಟ್ಟೆವು. ಚರಂಡಿ ತಿರುಗಿಸಬೇಕು, ಕಸ ಬೇರೆ ಕಡೆ ಹಾಕಬೇಕು, ಕಳೆ ಕೀಳುವವರಿಗೆ ಕೂಲಿ, ಕೈಗವಸು, ತುಂಬುತೋಳಿನ ಅಂಗಿ ಕೊಡಬೇಕು ಅಂತ. ಅದರ ಬಗ್ಗೆ ಓಡಾಟ ನಡೆದಿದೆ.

ಅಲ್ಲಿಯವರೆಗೆ ಸುಮ್ಮನೆ ಕೂರಲಾಗದೆ ಮೊದಲ ಮಳೆ ಬಿದ್ದ ಮೇಲೆ ಒಂದು ಭಾನುವಾರ ನಾವೇ ಇಳಿದೆವು. ಹಟ್ಟಿಯ ಹುಡುಗರು, ನಮ್ಮ ಮೇಷ್ಟ್ರುಗಳು ಮೂರು ಜನ, ಊರಿನ ಇಬ್ಬರು ಹುಡುಗರು. ಹೂ ಬಿಡುವ ಮೊದಲೇ ಕೀಳಬೇಕು, ಹೂ ಬಿಟ್ಟರೆ ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಬರಿಗೈಯಲ್ಲಿ ಕೀಳಬಾರದು, ನಾವು ಕೈಗೆ ದಪ್ಪ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಮುಖಕ್ಕೆ ಟವಲು ಸುತ್ತಿಕೊಂಡೆವು. ಅಲರ್ಜಿ ಇರುವವರನ್ನು ಆ ಕಡೆ ಬಿಡಲಿಲ್ಲ. ಕಿತ್ತದ್ದನ್ನು ಹಳ್ಳ ತೋಡಿ ಮಣ್ಣು ಮುಚ್ಚಿದೆವು. ಅವ್ವ ಬಾಗಿಲು ಹಾಕಿಕೊಂಡು ಒಳಗೆ ಕೂತು, ಬೇರು ಬಿಡಬ್ಯಾಡ್ರಿ, ಬುಡಕ್ಕೆ ಕೈ ಹಾಕ್ರಿ ಅಂತ ಕೂಗಿ ಹೇಳುತ್ತಿದ್ದಳು. ಮೂರು ವಾರಕ್ಕೆ ಮತ್ತೆ ಮೊಳೆತಿತ್ತು. ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕೂತಿರುತ್ತದಂತೆ. ಮತ್ತೆ ಕಿತ್ತೆವು. ಆ ಜಾಗದಲ್ಲಿ ತಗಚೆ ಬೀಜ ಚೆಲ್ಲಿದ್ದೇವೆ, ಅದು ದಟ್ಟವಾಗಿ ಬೆಳೆದರೆ ಇದನ್ನು ಏಳಗೊಡುವುದಿಲ್ಲ ಅಂತ ತಿಳಿದವರು ಹೇಳುತ್ತಾರೆ. ಒಂದು ಭಾನುವಾರದ ಕೆಲಸ ಅಲ್ಲ ಇದು.

ಅವ್ವನ ಮೈ ಈಗ ಮೊದಲಿಗಿಂತ ವಾಸಿ. ಮಾತ್ರೆ ಕೈ ಹಿಡಿದಿದೆ. ರಾತ್ರಿ ಮೂರು ನಾಲ್ಕು ಗಂಟೆ ನಿದ್ದೆ ಮಾಡುತ್ತಾಳೆ. ಪೂರ್ತಿ ಗುಣ ಅಂತ ಹೇಳಲು ಡಾಕ್ಟರಮ್ಮ ತಯಾರಿಲ್ಲ. ಹೋದ ಸಲ ಹೋದಾಗ "ಜಾಗ ಬದಲಾಯಿಸಿದ್ರಾ?" ಅಂತ ಕೇಳಿದರು. ನಡೆದದ್ದನ್ನೆಲ್ಲ ಹೇಳಿದೆವು. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. ಹೊರಗೆ ಬಹಳ ಜನ ಕಾಯುತ್ತಿದ್ದರು.

ಮನೆ ಹುಡುಕುವುದನ್ನು ನಾವು ಬಿಟ್ಟಿಲ್ಲ. ಒಂದು ಬದಲಾವಣೆ ಮಾಡಿಕೊಂಡಿದ್ದೇವೆ. ಅವರು ಕೇಳುವವರೆಗೆ ಕಾಯುವುದಿಲ್ಲ. ಬಾಗಿಲಲ್ಲೇ ಹೇಳಿಬಿಡುತ್ತೇವೆ: ನಾವು ಮಾದಿಗರು, ನಮ್ಮವ್ವನಿಗೆ ಗಿಡದ ಅಲರ್ಜಿ, ಅಂಟುವುದಿಲ್ಲ, ಬಾಡಿಗೆ ಒಂದನೇ ತಾರೀಕು ಕೊಡುತ್ತೇವೆ, ಮನೆ ಇದೆಯಾ? ಇದರಿಂದ ಮನೆ ಬೇಗ ಸಿಗುತ್ತದೆ ಅಂತ ಹೇಳಲಾರೆವು. ಆದರೆ ನೆಪ ಹುಡುಕುವ ಕಷ್ಟ ಈಗ ನಮ್ಮದಲ್ಲ, ಅವರದು. ಮುಖ ನೋಡಿಕೊಂಡು ಹೇಳಬೇಕು. ಹದಿನೇಳನೇ ಮನೆಯ ಒಬ್ಬ ಮುದುಕಿ ಮಾತ್ರ ನೆಪ ಹೇಳಲಿಲ್ಲ. ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ನನ್ನ ಮಗನ್ನ ಕೇಳ್ಬೇಕು, ಭಾನುವಾರ ಬನ್ನಿ" ಅಂದಿದ್ದಾಳೆ. ಭಾನುವಾರ ಹೋಗುತ್ತೇವೆ.

ಮುಂದಿನ ಸಭೆಗೆ ಬರುತ್ತೇವೆ. ಅಷ್ಟರಲ್ಲಿ ಸಿರಾದಲ್ಲಾಗಲಿ ಬು‍ಕ್ಕಾಪಟ್ಟಣದಲ್ಲಾಗಲಿ ಯಾವುದಾದರೂ ಮನೆ ಖಾಲಿ ಇರುವುದು ಗೆಳೆಯರಿಗೆ ಗೊತ್ತಾದರೆ ತಿಳಿಸಿ. ಎರಡು ಕೋಣೆ ಸಾಕು. ಸುತ್ತ ಕಾಂಗ್ರೆಸ್ ಗಿಡ ಇರಬಾರದು. ಅವ್ವ ಜಗಲಿಯ ಮೇಲೆ ಕೂತು ತನ್ನ ಮಾತಿನಲ್ಲೇ ಮಾತಾಡಲು ಬಿಡಬೇಕು. ಒಂದು ಗೋಡೆಗೆ ಮೊಳೆ ಹೊಡೆಯಲು ಬಿಡಬೇಕು.